ಹತ್ತೊಂಬತ್ತನೇ ದಿನ

ಬೂಷ್ಟು ಒರೆಸುವುದೇ ನನ್ನ ಕೆಲಸ.
ಅರೇಹಳ್ಳಿ ಹೈಸ್ಕೂಲಿನ ಲ್ಯಾಬಿನಲ್ಲಿ
ಜುಲೈ ಬಂದರೆ ಸಾಕು,
ಭೂಪಟದ ಆಫ್ರಿಕಾಕ್ಕೂ ಬರುತ್ತದೆ,
ಮೈಕ್ರೋಸ್ಕೋಪಿನ ಪೆಟ್ಟಿಗೆಗೂ, ಹಾಜರಿ ಪುಸ್ತಕದ ಬೆನ್ನಿಗೂ.
ಇಪ್ಪತ್ತೆರಡು ವರ್ಷ ಒರೆಸಿದ್ದೇನೆ.
ಕರೆಯದೆ ಬರುವ ನೆಂಟ ಅದು.

ಆ ವರ್ಷ ಜವರಪ್ಪ ಮೇಷ್ಟ್ರು
ಅದನ್ನೇ ಕರೆದು ಕೂರಿಸಲು ಹೊರಟರು.
"ಎಂಟನೇ ಕ್ಲಾಸಿಗೆ ಸೂಕ್ಷ್ಮಜೀವಿ ಪಾಠ, ಲಕ್ಕಮ್ಮ,
ಎರಡು ಗಾಜಿನ ತಟ್ಟೆ ತೊಳೆದಿಡು."

ಒಂದರಲ್ಲಿ ರುಕ್ಮಾಂಗದನ ಬೇಕರಿ ಬ್ರೆಡ್ಡು,
ಬೆಳಗ್ಗೆ ಒಲೆಯಿಂದ ಇಳಿದದ್ದು,
ಪೇಪರಿನಲ್ಲಿ ಸುತ್ತಿ ಕೊಟ್ಟಾಗ ಇನ್ನೂ ಬೆವರುತ್ತಿತ್ತು.
ಇನ್ನೊಂದರಲ್ಲಿ ಹಾಸನದ ಬಸ್ಸಿನಲ್ಲಿ ಬಂದ ಪ್ಯಾಕೆಟ್ಟಿನದು.
ಪ್ರತಿ ಹೋಳೂ ಒಂದೇ ದಪ್ಪ,
ಅಣ್ಣತಮ್ಮಂದಿರ ಪಾಲಿನಲ್ಲೂ ಕಾಣದ ನ್ಯಾಯ.
ಎರಡಕ್ಕೂ ನೀರು ಚಿಮುಕಿಸಿ, ಮುಚ್ಚಿ,
ಬೀರುವಿನ ಕತ್ತಲಲ್ಲಿ ಇಟ್ಟೆ.

ಮೂರನೇ ದಿನ ರುಕ್ಮಾಂಗದನ ಬ್ರೆಡ್ಡಿಗೆ ಬಿಳಿ ನೂಲು.
ನಾಲ್ಕಕ್ಕೆ ಹಸಿರು.
ಐದಕ್ಕೆ ಗಸಗಸೆಯಂಥ ಕರಿ ತಲೆಗಳು.
ಮಕ್ಕಳು ಸಾಲಾಗಿ ಲೆನ್ಸಿನಲ್ಲಿ ಇಣುಕಿ
"ಕಾಡು ಕಣೇ, ಕಾಡು!" ಅಂದರು.
ಪ್ಯಾಕೆಟ್ಟಿನದು ಮಾತ್ರ
ಮದುಮಗನ ಪಂಚೆಯ ಹಾಗೆ
ಅಂದೂ ಬಿಳಿ, ಇಂದೂ ಬಿಳಿ.
ಸಫೂರಾ ಮುಚ್ಚಳ ಎತ್ತಿ ಒಮ್ಮೆ ಒತ್ತಿ ನೋಡಿದಳು.
ಮೆತ್ತಗೇ ಇತ್ತು.

ಏಳು. ಹತ್ತು. ಹನ್ನೆರಡು.
ಕಿರುಪರೀಕ್ಷೆ ಮುಗಿಯಿತು.
ಬಿಇಒ ಸಾಹೇಬರು ಬಂದು ಟೀ ಕುಡಿದು ಹೋದರು.

"ಸಾ, ಅದಕ್ಕೆ ಜೀವ ಇಲ್ವಾ?"
ಹಿಂದಿನ ಬೆಂಚಿನಿಂದ: "ವಿಷ ಐತೆ, ಅದಕ್ಕೇಯ."
ಪಕ್ಕದವನು: "ಪ್ಲಾಸ್ಟಿಕ್ ಕಣ್ಲಾ."

ಮೇಷ್ಟ್ರು ನನ್ನ ಕಸದ ಬುಟ್ಟಿ ಕೆದಕಿ ಕವರು ಹೆಕ್ಕಿ,
ಕನ್ನಡಕ ಹಣೆಗೇರಿಸಿ, ಇರುವೆಯಂಥ ಅಕ್ಷರ ಓದಿದರು:
ಕ್ಯಾಲ್ಸಿಯಂ ಪ್ರೊಪಿಯೊನೇಟ್, ಇನ್ನೂರ ಎಂಬತ್ತೆರಡು.
"ವಿಷ ಅಲ್ರೋ. ಒಂದು ಹುಳಿಯಿಂದ ಮಾಡಿದ ಉಪ್ಪು.
ಇಷ್ಟೇ ಇಷ್ಟು ಹಾಕಿರ್ತಾರೆ. ನಮಗೆ ಅರಗುತ್ತೆ,
ಬೂಷ್ಟಿಗೆ ಆಗಿಬರೋಲ್ಲ.
ಮತ್ತೆ ಬೆಂದ ಮೇಲೆ ಯಾರ ಕೈಯೂ ಸೋಕಿಲ್ಲ,
ಕುಯ್ಯೋದೂ ಯಂತ್ರ, ಕಟ್ಟೋದೂ ಯಂತ್ರ.
ಬೀಜವೇ ಬೀಳದ ಹೊಲದಲ್ಲಿ ಕಳೆ ಎಲ್ಲಿಂದ?"

ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.
ನಾನೂ ಮಿಡಿಗಾಯಿ ಹಾಕುವವಳೇ.
ಒಣ ಕೈ, ಒಣ ಸೌಟು, ಕೈ ನಡುಗುವಷ್ಟು ಉಪ್ಪು.
"ಜಾಡಿಯೊಳಗೆ ಉಸಿರು ಬಿಡಬೇಡವೇ" ಅನ್ನುತ್ತಿದ್ದರು ಅತ್ತೆ.
ಇನ್ನೂರ ಎಂಬತ್ತೆರಡು
ಅತ್ತೆಯ ಮಾತಿನ ಸರ್ಕಾರಿ ನಂಬರು ಇರಬೇಕು.

ಸಂಜೆ ರುಕ್ಮಾಂಗದನಿಗೆ ಹೇಳಿದೆ. ನಕ್ಕ.
"ನನ್ನ ಬ್ರೆಡ್ಡು ಕತ್ತಲಾಗೋದ್ರೊಳಗೆ ಖಾಲಿಯಾಗಬೇಕು, ಅಕ್ಕ.
ಉಳಿದ್ರೆ ನಾಳೆ ರಸ್ಕು.
ಬೂಷ್ಟೇ ನನ್ನ ಯಜಮಾನ,
ಬೆಳಗಿನ ಜಾವ ಮೂರಕ್ಕೆ ಎಬ್ಬಿಸೋನು ಅವನೇ."
ಚಿಲ್ಲರೆ ಎಣಿಸಿ ಕೈಗಿಟ್ಟ.
ಇನ್ನೇನು ಮೆಟ್ಟಿಲಿಳಿಯಬೇಕು,
ದನಿ ತಗ್ಗಿಸಿ ಕೇಳಿದ:
"ಆ ಪುಡಿ, ಕೆಜಿಗೆ ಎಷ್ಟಂತೆ?"

ಹತ್ತೊಂಬತ್ತನೇ ದಿನ, ಗುರುವಾರ,
ಬಟ್ಟೆ ಹಿಡಿದು ಬೀರು ತೆಗೆದೆ.
ಪ್ಯಾಕೆಟ್ಟಿನ ಬ್ರೆಡ್ಡಿನ ಎಡಗಡೆ ಮೂಲೆಯಲ್ಲಿ
ಹಸಿರು,
ಒಂದು ಬೆರಳ ತುದಿಯಷ್ಟೇ ಅಗಲ.
ಅವಳು ಒತ್ತಿದ್ದು ಅಲ್ಲೇ.

ಒರೆಸಲಿಲ್ಲ.
ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿ
ಗಂಟೆ ಹೊಡೆಯುವ ಮುಂಚೆಯೇ ಮಕ್ಕಳನ್ನು ಕೂಗಿದೆ.
ಚಪ್ಪಾಳೆ ಬಿತ್ತು, ಬೂಷ್ಟಿಗೆ!
ಮೇಷ್ಟ್ರು ರಿಜಿಸ್ಟರಿನಲ್ಲಿ ತಾರೀಖು ಬರೆದುಕೊಂಡರು.

ಸಫೂರಾ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.
ಎಲ್ಲರೂ ಹೋದ ಮೇಲೆ ನಲ್ಲಿಯ ಹತ್ತಿರ ಕಂಡಳು,
ತೋರುಬೆರಳನ್ನು ಬಿಸಿಲಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡುತ್ತ.
ತೊಳೆಯುವುದೋ ಬೇಡವೋ ಎಂಬ ಹಾಗೆ.